ಹಸೆ ಚಿತ್ತಾರ ಕೇಳಿದ್ದೆವು, ವಾರ್ಲಿಯ ಫ್ಲೆಕ್ಸ್ ಬಂತು

ಇಂದ,
ವಧುವಿನ ಅಣ್ಣ ಮತ್ತು ವರನ ಅಕ್ಕ,
ಶಿವಮೊಗ್ಗ

ಗೆ,
ವ್ಯವಸ್ಥಾಪಕರು,
ಮದುವೆ ಸ್ಟೈಲಿಂಗ್ ಮತ್ತು ಅಲಂಕಾರ ಸಂಸ್ಥೆ,
ಬೆಂಗಳೂರು

ವಿಷಯ: ಒಪ್ಪಂದದಂತೆ ಮದುವೆ ಅಲಂಕಾರ ಮಾಡಿಕೊಡದೆ ಇರುವುದು, 3,36,300 ರೂಪಾಯಿ ವಾಪಸು ಕೋರಿ.

ಉಲ್ಲೇಖ: ನವೆಂಬರ್ ತಿಂಗಳ ಒಪ್ಪಂದ, ಅದಕ್ಕೆ ಲಗತ್ತಿಸಿದ ನಕ್ಷೆ ಮತ್ತು ಸಾಮಗ್ರಿ ಪಟ್ಟಿ, ಫೆಬ್ರವರಿ ತಿಂಗಳ ಅಂತಿಮ ಬಿಲ್ಲು.

ಮಾನ್ಯರೇ,

ಮಾಘ ಮಾಸದಲ್ಲಿ ಶಿವಮೊಗ್ಗದ ಛತ್ರದಲ್ಲಿ ನಡೆದ ಮದುವೆಗೆ ನೀವು 6,30,000 ರೂಪಾಯಿ, ಅದರ ಮೇಲೆ ಶೇ 18ರ ಜಿಎಸ್‌ಟಿ 1,13,400, ಒಟ್ಟು 7,43,400 ರೂಪಾಯಿ ಪಡೆದಿದ್ದೀರಿ. ಅರ್ಧ ಬುಕಿಂಗ್ ದಿನ, ಶೇ 40 ಮದುವೆಗೆ ವಾರ ಮುಂಚೆ, ಉಳಿದ 74,340 ಹಿಂದಿನ ರಾತ್ರಿ, ಅದೂ ಟೆಂಪೋದಿಂದ ಸಾಮಾನು ಇಳಿಸುವ ಮೊದಲೇ. ನಮ್ಮ ಕಡೆಯಿಂದ ಒಂದು ಪೈಸೆ ಬಾಕಿ ಇಲ್ಲ.

ಬರೀ ಹೂವು, ಬಟ್ಟೆ, ಲೈಟು ಸಾಕಾಗಿದ್ದರೆ ಶಿವಮೊಗ್ಗದ ಶಾಮಿಯಾನದವರೇ ಇದಕ್ಕಿಂತ ಎಷ್ಟೋ ಕಡಿಮೆಗೆ ಮಾಡಿಕೊಡುತ್ತಿದ್ದರು. 1,10,000 ರೂಪಾಯಿಯ 'ಸ್ಟೈಲಿಂಗ್ ಶುಲ್ಕ'ಕ್ಕೆ ಒಪ್ಪಿದ್ದು ಮಂಟಪ ನೋಡಿದವರಿಗೆ ಇದು ಸಾಗರದ ಕಡೆಯ ಮನೆಯ ಮದುವೆ ಅಂತ ಗೊತ್ತಾಗಲಿ ಎಂಬ ಒಂದೇ ಕಾರಣಕ್ಕೆ. ಮೂರು ಸಲ ಕೂತು ಮಾತಾಡಿ, ಅಲಂಕಾರ ಹೇಗಿರಬೇಕೆಂದು ತೋರಿಸುವ ಚಿತ್ರಫಲಕಕ್ಕೆ (ಮೂಡ್ ಬೋರ್ಡ್) ಸಹಿ ಹಾಕಿ, ಅಳತೆ ಸಮೇತ ಪಟ್ಟಿ ಮಾಡಿದ್ದೂ ಅದಕ್ಕೇ. ಆ ಪಟ್ಟಿಯನ್ನು ಪಕ್ಕಕ್ಕಿಟ್ಟುಕೊಂಡೇ ಈ ಪತ್ರ ಬರೆಯುತ್ತಿದ್ದೇವೆ.

ಮೊದಲು ಹಸೆ ಚಿತ್ತಾರ. ಪಟ್ಟಿಯಲ್ಲಿ ಇರುವುದು: ಎಂಟು ಅಡಿ ಅಗಲ, ಆರು ಅಡಿ ಎತ್ತರದ ಪ್ಲೈವುಡ್ ಹಲಗೆಗೆ ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿಯಲ್ಲಿ, ಪುಂಡಿ ನಾರಿನ ಕುಂಚದಿಂದ ಕೈಯಲ್ಲೇ ಬರೆದ ಚಿತ್ತಾರ, ದರ 85,000. ಸಾಗರ, ಸೊರಬದ ಕಡೆಯ ದೀವರ ಸಮುದಾಯದ ಹೆಣ್ಣುಮಕ್ಕಳು ಮದುವೆ ಮನೆಯ ಗೋಡೆಗೆ ಬರೆಯುವುದು ಇದನ್ನೇ; ವಧೂವರರನ್ನು ಹಸೆಗೆ ಕೂರಿಸುವುದು ಇದರ ಮುಂದೆಯೇ. ಬರೆಯುವವರ ಊರು, ಅವರಿಗೆ ಬೇಕಾಗುವ ಸಮಯ, ಹಲಗೆ ಸಾಗಿಸುವ ಬಗೆ ಎಲ್ಲವನ್ನೂ ನವೆಂಬರ್‌ನಲ್ಲೇ ತಿಳಿಸಿದ್ದೆವು. ನಿಮ್ಮವರು ಅವರಿಗೆ ಒಂದು ಫೋನೂ ಮಾಡಿರಲಿಲ್ಲ ಎಂದು ಆಮೇಲೆ ವಿಚಾರಿಸಿದಾಗ ತಿಳಿಯಿತು.

ಹಸೆಮಣೆಯ ಹಿಂದೆ ಬಂದು ನಿಂತದ್ದು ಕಬ್ಬಿಣದ ಚೌಕಟ್ಟಿಗೆ ಬಿಗಿದ ಫ್ಲೆಕ್ಸ್. ಅದರ ಮೇಲಿದ್ದದ್ದಾದರೂ ಚಿತ್ತಾರವೇ? ಅಲ್ಲ, ಮಹಾರಾಷ್ಟ್ರದ ವಾರ್ಲಿ ಬುಡಕಟ್ಟಿನ ಚಿತ್ರ. ಕೆಂಪು ಹಿನ್ನೆಲೆ, ಬಿಳಿ ಗೆರೆ ಅಂದಕೂಡಲೇ ಎರಡೂ ಒಂದೇ ಅಂದುಕೊಂಡಂತಿದೆ. ತುದಿಗೆ ತುದಿ ತಾಗಿದ ಎರಡು ತ್ರಿಕೋನದ ಮೈ, ಕಡ್ಡಿ ಕೈಕಾಲು, ಸುರುಳಿಯಾಗಿ ಕುಣಿಯುವ ಜನ, ಇವು ವಾರ್ಲಿಯ ಗುರುತು. ಹಸೆ ಚಿತ್ತಾರ ನಿಂತಿರುವುದೇ ನೇರ ಗೆರೆಗಳ ಮೇಲೆ: ಒಂದರ ಪಕ್ಕ ಒಂದು ಒತ್ತಾಗಿ ಎಳೆದ ಗೆರೆ, ಚೌಕಟ್ಟಿನೊಳಗೆ ಚೌಕಟ್ಟು, ನಡುವೆ ಮದುಮಕ್ಕಳು. ಹತ್ತಿರ ಹೋದರೆ ಗೆರೆಗಳ ಅಂಚು ಮೆಟ್ಟಿಲು ಮೆಟ್ಟಿಲಾಗಿ ಒಡೆದಿತ್ತು. ಸಣ್ಣ ಚಿತ್ರವನ್ನು ಎಂಟು ಅಡಿಗೆ ಹಿಗ್ಗಿಸಿದರೆ ಆಗುವುದೇ ಹಾಗೆ. ಎಡಗಡೆ ಕೆಳಮೂಲೆಯಲ್ಲಿ, ಕುಣಿಯುವವನೊಬ್ಬನ ಮೊಣಕಾಲಿನ ಮೇಲೆ, ಚಿತ್ರ ಮಾರುವ ಜಾಲತಾಣದ ಮುದ್ರೆ ಮಸುಕಾಗಿ ಉಳಿದಿತ್ತು. ಅಂದರೆ ಆ ಚಿತ್ರವನ್ನೂ ದುಡ್ಡು ಕೊಟ್ಟು ತಂದದ್ದಲ್ಲ. ಫ್ಲೆಕ್ಸ್‌ನ ಹೊಳಪಿಗೆ ಕ್ಯಾಮೆರಾ ಫ್ಲ್ಯಾಶ್ ಬಡಿದು, ಧಾರೆಯ ಫೋಟೋಗಳಲ್ಲಿ ಮದುಮಕ್ಕಳ ತಲೆಯ ಹಿಂದೆ ಬಿಳಿ ಮಚ್ಚೆ ಬಿದ್ದಿದೆ. ಕೆಮ್ಮಣ್ಣಿನ ಹಲಗೆಯಾಗಿದ್ದರೆ ಬೆಳಕು ಹೀಗೆ ತಿರುಗಿ ಹೊಡೆಯುತ್ತಿರಲಿಲ್ಲ. ಒಟ್ಟು 48 ಚದರ ಅಡಿಯ ಈ ಫ್ಲೆಕ್ಸ್‌ಗೆ ಏನು ಖರ್ಚಾಗುತ್ತದೆ ಎಂಬುದು ನಿಮಗೂ ಗೊತ್ತು, ನಮಗೂ ಗೊತ್ತು.

ಇನ್ನು ಹೂವು. ಪಟ್ಟಿಯಲ್ಲಿ ಮಲ್ಲಿಗೆ 120 ಮಾರು, ಸುಗಂಧರಾಜ 40 ಕೆ.ಜಿ., ಹೊಂಬಾಳೆ (ಅಡಿಕೆಯ ಹೂಗೊನೆ) 24, ಗೊನೆ ಸಮೇತ ಬಾಳೆಕಂಬ 8, ದರ 1,60,000. ಕಂಬಗಳಿಗೆ ಸುತ್ತಿದ್ದ ನಿಜವಾದ ಮಲ್ಲಿಗೆ ಅಳೆದಾಗ ಸಿಕ್ಕಿದ್ದು 46 ಮಾರು. ಚಾವಣಿಯಿಂದ ಇಳಿಬಿಟ್ಟದ್ದೆಲ್ಲ ಬಟ್ಟೆಯ ಹೂವು, ಪ್ರತಿ ಹೂವಿನ ಬುಡದಲ್ಲೂ ಅಂಟಿನ ಹಳದಿ ಹನಿ. ಕೇಳಿದರೆ, 'ಮಾಘದಲ್ಲಿ ಮಲ್ಲಿಗೆ ರೇಟು ಏರಿತ್ತು' ಅಂದರು ನಿಮ್ಮವರು. ಚಳಿಗಾಲದಲ್ಲಿ ಮಲ್ಲಿಗೆ ಇಳುವರಿ ಕಡಿಮೆ, ಬೇಸಿಗೆಗೇ ಅದು ತುಂಬಿ ಬರುವುದು ಎಂಬುದು ಹೂವು ಮಾರುವ ಹುಡುಗನಿಗೂ ಗೊತ್ತಿರುವ ಮಾತು. ನವೆಂಬರ್‌ನಲ್ಲಿ ದರ ಬರೆಯುವಾಗ ಅದನ್ನು ಹೇಳಿದ್ದರೆ ಚಾವಣಿಗೆ ಮಲ್ಲಿಗೆಯ ಜಾತಿಯದೇ ಆದ ಕಾಕಡ ಹೂವು ಹಾಕಿಸಿ, ಮಲ್ಲಿಗೆಯನ್ನು ಮದುಮಕ್ಕಳ ಎದುರಿನ ಎರಡು ಕಂಬಕ್ಕೆ ಮಾತ್ರ ಇಟ್ಟುಕೊಳ್ಳಬಹುದಿತ್ತು. ಕಾಕಡಕ್ಕೆ ಪರಿಮಳ ಕಡಿಮೆ, ಆದರೆ ಬಾಳಿಕೆ ಹೆಚ್ಚು. ತಲೆಯ ಮೇಲೆ ಹತ್ತು ಅಡಿ ಎತ್ತರದಲ್ಲಿರುವ ಹೂವನ್ನು ಯಾರೂ ಮೂಸಿ ನೋಡುವುದಿಲ್ಲ.

ಬಂದ 46 ಮಾರಿನ ಗತಿಯಾದರೂ ಏನಾಯಿತು? ಮಲ್ಲಿಗೆ ಮೊಗ್ಗನ್ನು ನಸುಕಿನಲ್ಲಿ ಬಿಡಿಸಿದರೆ ಅದು ಅರಳುವುದು ಅದೇ ಸಂಜೆ. ಮುಹೂರ್ತ ಮರುದಿನ ಬೆಳಿಗ್ಗೆ 10.20ಕ್ಕೆ ಅಂದರೆ ಮೊಗ್ಗನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಐಸ್ ಪೆಟ್ಟಿಗೆಯಲ್ಲಿ ತಡೆದಿಟ್ಟು, ಬೆಳಗಿನ ಜಾವ ನಾಲ್ಕರ ಮೇಲೆ ಕಟ್ಟಬೇಕು. ನಿಮ್ಮವರು ಕೆ.ಆರ್. ಮಾರುಕಟ್ಟೆಯಲ್ಲಿ ಕೊಂಡು, ಪ್ಲಾಸ್ಟಿಕ್ ಚೀಲದಲ್ಲಿ ಬಾಯಿ ಬಿಗಿದು, ಮಧ್ಯಾಹ್ನದ ಬಿಸಿಲಲ್ಲಿ ಟೆಂಪೋಗೆ ಹಾಕಿ, ಸುಮಾರು 300 ಕಿ.ಮೀ. ದಾಟಿಸಿ ತಂದರು. ಚೀಲದೊಳಗೆ ಹೂವು ತನ್ನ ಬಿಸಿಗೆ ತಾನೇ ಬೆಂದಿತ್ತು. ರಾತ್ರಿ ಹನ್ನೊಂದಕ್ಕೆ ಚೀಲ ಬಿಚ್ಚಿದಾಗಲೇ ಅರ್ಧ ಅರಳಿ ಅಂಚು ಕಂದಿತ್ತು. ಅದನ್ನು ಉರಿಯುವ ಫೋಕಸ್ ಲೈಟಿನ ಕೆಳಗೆ ಕಟ್ಟಿದರು. ಧಾರೆಯ ಹೊತ್ತಿಗೆ ಚಹಾ ಸೋಸಿದ ಬಟ್ಟೆಯ ಬಣ್ಣ. ಬಿದಿರು ಬುಟ್ಟಿ, ಬಾಳೆಎಲೆ, ಒದ್ದೆ ಗೋಣಿ ಇಷ್ಟಿದ್ದರೂ ಅರ್ಧ ಉಳಿಯುತ್ತಿತ್ತು.

ಹೊಂಬಾಳೆಯದೂ ಇದೇ ಕಥೆ. ಅಡಿಕೆ ಸೀಮೆಗೆ ಬಂದು, ಬೆಂಗಳೂರಿನಿಂದ ಹೊಂಬಾಳೆ ತಂದಿರಿ! ಅದೂ ಅದನ್ನು ಮುಚ್ಚಿರುವ ಹಾಳೆ ಸೀಳಿದ ಮೇಲೆ. ಹೊಂಬಾಳೆಯನ್ನು ಹಾಳೆಯೊಳಗೇ ಇಟ್ಟು ತಂದು, ಕಟ್ಟುವ ಗಳಿಗೆಯಲ್ಲಿ ಬಿಚ್ಚಬೇಕು. ಆಗಲೇ ಆ ಕೆನೆಬಣ್ಣ. ಗಾಳಿಗೆ ಬಿಟ್ಟರೆ ಕಂದುತ್ತದೆ, ಮುಟ್ಟಿದರೆ ಕಾಳು ಉದುರುತ್ತದೆ. ಬೆಳಿಗ್ಗೆ ಮಂಟಪದ ಜಮಖಾನದ ಮೇಲೆ ಅದೇ ಉದುರಿ ಬಿದ್ದಿತ್ತು.

ದ್ವಾರದ ಎರಡೂ ಬದಿಯ ಹೂಗೊಂಚಲಿಗೆ, ನೀರಲ್ಲಿ ನೆನೆಸಿ ದಂಟು ಚುಚ್ಚುವ ಹಸಿರು ಫೋಮ್ ಬಳಸಬಾರದು, ಹಿತ್ತಾಳೆ ಕೊಳದಪ್ಪಲೆಯಲ್ಲಿ ನೀರು ತುಂಬಿ ಜೋಡಿಸಬೇಕು ಎಂದು ಬರೆದಿತ್ತು. ಬಂದದ್ದು ಫೋಮೇ. ಹೋಗಲಿ, ಅದನ್ನಾದರೂ ಸರಿಯಾಗಿ ನೆನೆಸಿದ್ದರೇ? ಫೋಮ್ ಇಟ್ಟಿಗೆಯನ್ನು ನೀರಿನ ಮೇಲಿಟ್ಟು ತಾನಾಗಿ ಮುಳುಗಲು ಬಿಡಬೇಕು. ಅವಸರಕ್ಕೆ ಕೈಯಿಂದ ಒತ್ತಿದರೆ ನಡುವೆ ಗಾಳಿ ಸಿಕ್ಕಿಕೊಂಡು ಒಳಗೆ ಒಣಗಿಯೇ ಉಳಿಯುತ್ತದೆ. ಮದುವೆಯ ಮಧ್ಯಾಹ್ನ ಒಂದನ್ನು ಚಾಕುವಿನಲ್ಲಿ ಸೀಳಿ ನೋಡಿದೆವು. ಹೊರಗೆ ಕಡುಹಸಿರು ಒದ್ದೆ, ಒಳಗೆ ಮುಷ್ಟಿಯಷ್ಟು ಭಾಗ ತಿಳಿಹಸಿರು ಹುಡಿ. ಗುಲಾಬಿಯ ದಂಟು ಕೊನೆಯಾಗಿದ್ದು ಆ ಹುಡಿಯಲ್ಲೇ. ಒಂಬತ್ತು ಗಂಟೆಗೇ ಅವು ಕತ್ತು ಬಗ್ಗಿಸಿದ್ದಕ್ಕೆ ಬಿಸಿಲು ಕಾರಣವಲ್ಲ. ಸೀಳಿದ ಫೋಮಿನ ಫೋಟೋ ಲಗತ್ತಿಸಿದ್ದೇವೆ.

ಮಂಟಪ: ಬರೆದದ್ದು 12 ಅಡಿಗೆ 12 ಅಡಿ, ಬಂದದ್ದು 8ಕ್ಕೆ 8. ಅಂದರೆ 144 ಚದರ ಅಡಿಯ ಜಾಗದಲ್ಲಿ 64. ಇದು ಅಂದಚಂದದ ಮಾತಲ್ಲ, ಕೂರುವ ಲೆಕ್ಕ. ಮದುಮಕ್ಕಳು ಇಬ್ಬರು, ಎರಡೂ ಕಡೆಯ ತಂದೆತಾಯಿ ನಾಲ್ವರು, ಪುರೋಹಿತರು ಇಬ್ಬರು, ನಡುವೆ ಹೋಮಕುಂಡ, ಪಕ್ಕದಲ್ಲಿ ಕಲಶ, ಧಾರೆಯ ಪಾತ್ರೆ. ಸಪ್ತಪದಿಗೆ ನಡೆಯಲು ಜಾಗ ಬೇರೆ. ನಿಮ್ಮ ಗೋದಾಮಿನಲ್ಲಿದ್ದ ರಿಸೆಪ್ಷನ್ ಚೌಕಟ್ಟನ್ನೇ ಧಾರೆ ಮಂಟಪ ಅಂತ ನಿಲ್ಲಿಸಿದ್ದು ನೋಡಿದರೇ ತಿಳಿಯುತ್ತಿತ್ತು. ನಕ್ಷೆಯಲ್ಲಿ ಬಾಣ ಹಾಕಿ 'ಪೂರ್ವ' ಎಂದು ಬರೆದಿದ್ದರೂ, ವೀಡಿಯೊದವರಿಗೆ ಅನುಕೂಲ ಅಂತ ಪಶ್ಚಿಮಕ್ಕೆ ಮುಖ ಮಾಡಿ ಕಟ್ಟಿದಿರಿ. ಕೊನೆಗೆ ಹಸೆಮಣೆಯನ್ನೇ ತಿರುಗಿಸಿದ್ದರಿಂದ ಮದುಮಕ್ಕಳ ಬೆನ್ನು ಸಭೆಗೆ ಬಂತು.

ಇದಕ್ಕಿಂತ ಗಂಭೀರವಾದ ವಿಷಯ ಚಾವಣಿಯ ನೆಟ್ ಬಟ್ಟೆ. ಹೋಮಕುಂಡದ ನೆತ್ತಿಗೆ ಸರಿಯಾಗಿ, ಏಳೂವರೆ ಅಡಿ ಎತ್ತರಕ್ಕೆ ಜೋತುಬಿದ್ದ ಪಾಲಿಯೆಸ್ಟರ್. ಪಾಲಿಯೆಸ್ಟರ್‌ಗೆ ಕಿಡಿ ತಾಗಿದರೆ ಅದು ಕರಗಿ ತೊಟ್ಟಿಕ್ಕುತ್ತದೆ, ಮೈಗೆ ಬಿದ್ದರೆ ಅಂಟಿಕೊಳ್ಳುತ್ತದೆ. ಕುಂಡದ ಮೇಲ್ಭಾಗ ಪೂರ್ತಿ ತೆರೆದಿರಬೇಕು ಎಂದು ಪಟ್ಟಿಯಲ್ಲಿ ಅಡಿಗೆರೆ ಹಾಕಿ ಬರೆದಿದ್ದೆವು. ಬೆಳಿಗ್ಗೆ ಐದಕ್ಕೆ ಅದನ್ನು ಬಿಚ್ಚಿದವರು ಅಡುಗೆಯವರ ಕಡೆಯ ಹುಡುಗರು. ನಿಮ್ಮವರು ಟೆಂಪೋದಲ್ಲಿ ಮಲಗಿದ್ದರು.

ಲೈಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. 2700ರಿಂದ 3000 ಕೆಲ್ವಿನ್‌ನ ಬೆಚ್ಚಗಿನ ಬೆಳಕು ಎಂದಿದ್ದಲ್ಲಿ ವೇದಿಕೆಗೆ ಹಾಕುವ ನೇರಳೆ ಬಣ್ಣದ ಪಾರ್ ಲೈಟ್ ಹಾಕಿದಿರಿ. ಅರಿಸಿನ ಹಚ್ಚಿದ ಮುಖ ಬೂದಿಯಾಗಿ ಕಂಡಿತು. ಹೇಳಿದ ಮೇಲೆ ಬದಲಿಸಿದ್ದರಿಂದ ಅದಕ್ಕೆ ಹಣ ಕೇಳುತ್ತಿಲ್ಲ. ದ್ವಾರದಲ್ಲಿ ಮೂರು ಅಡಿ ಎತ್ತರದ ಥರ್ಮೊಕೋಲ್ ಅಕ್ಷರ ನಿಲ್ಲಿಸಿದ್ದು ಮಾತ್ರ ಬೇರೆ ಮಾತು. ಅಲಂಕಾರಕ್ಕೆ ಥರ್ಮೊಕೋಲ್ ಬಳಸುವುದನ್ನು ದೇಶದಾದ್ಯಂತ 2022ರ ಜುಲೈ 1ರಿಂದ ನಿಷೇಧಿಸಲಾಗಿದೆ. ನಾವು ಕೇಳದ ಈ ವಸ್ತುವಿಗೆ ಛತ್ರದವರಿಂದ ಮಾತು ಕೇಳಬೇಕಾಗಿ ಬಂದದ್ದು ನಮಗೆ.

ತಾಂಬೂಲದ ಜೊತೆ ಕೊಡಲು 250 ಚನ್ನಪಟ್ಟಣದ ಕುಂಕುಮ ಭರಣಿ, ಒಂದಕ್ಕೆ 140ರಂತೆ 35,000. ಬಂದ ಭರಣಿಗೆ ಪೇಂಟಿನ ವಾಸನೆ. ಚನ್ನಪಟ್ಟಣದಲ್ಲಿ ಹಾಲೆ ಮರವನ್ನು ಚರಕಿಗೆ ಸಿಕ್ಕಿಸಿ, ತಿರುಗುತ್ತಿರುವಾಗಲೇ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಅಲ್ಲಿ ಕುಂಚಕ್ಕೆ ಕೆಲಸವಿಲ್ಲ. ನಿಮ್ಮ ಭರಣಿಯ ಮುಚ್ಚಳದ ಒಳಅಂಚಿನಲ್ಲಿ ಕುಂಚದ ಕೂದಲೇ ಅಂಟಿಕೊಂಡಿದೆ, ಉಗುರಿನಲ್ಲಿ ಕೆರೆದರೆ ಬಣ್ಣ ಸಿಪ್ಪೆಯಾಗಿ ಏಳುತ್ತದೆ. ಕುಂಕುಮ ತುಂಬಿ ಹಣೆಗಿಡುವ ವಸ್ತು ಇದು. ಒಂದನ್ನೂ ಹಂಚಿಲ್ಲ, ಪೆಟ್ಟಿಗೆ ಹಾಗೇ ಇದೆ.

ಈ ಯಾವುದಕ್ಕೂ ನಿಮ್ಮಿಂದ ಬಂದ ಉತ್ತರ ಒಂದೇ: ಒಪ್ಪಂದದ 9ನೇ ಕಲಮಿನ ಪ್ರಕಾರ ಸಮಾನ ಸಾಮಗ್ರಿ ಬಳಸುವ ಹಕ್ಕು ನಿಮಗಿದೆ. ಆ ಕಲಮಿನ ಎರಡನೇ ಸಾಲನ್ನೂ ಓದಿ. ಬದಲಿ ವಸ್ತು ಅದೇ ಬೆಲೆಯದ್ದು ಅಥವಾ ಹೆಚ್ಚಿನದ್ದಾಗಿರಬೇಕು, 72 ಗಂಟೆ ಮುಂಚೆ ಗ್ರಾಹಕರ ಲಿಖಿತ ಒಪ್ಪಿಗೆ ಪಡೆದಿರಬೇಕು. ನಿಮ್ಮಿಂದ ಬಂದ ಕೊನೆಯ ವಾಟ್ಸ್ಆ್ಯಪ್ ಸಂದೇಶ ಮದುವೆಗೆ ಎರಡು ದಿನ ಮುಂಚಿನದು: 'ಎಲ್ಲಾ ಆನ್ ಟ್ರ್ಯಾಕ್'. ಹಿಂದಿನ ಸಂಜೆ ಆರರಿಂದ ಧಾರೆ ಮುಗಿಯುವವರೆಗೆ ಮುಖ್ಯ ಸ್ಟೈಲಿಸ್ಟ್ ಸ್ಥಳದಲ್ಲಿರಬೇಕು ಎಂಬ 4ನೇ ಕಲಮೂ ಇದೆ. ಬಂದದ್ದು ನಾಲ್ವರು ಕೆಲಸದ ಹುಡುಗರು ಮತ್ತು ಆ ವಾರವಷ್ಟೇ ಕೆಲಸಕ್ಕೆ ಸೇರಿದ್ದಾಗಿ ಹೇಳಿದ ಒಬ್ಬ ಸಹಾಯಕಿ. ಆ ಹುಡುಗಿಯ ಕೈಯಲ್ಲಿ ನಕ್ಷೆಯೂ ಇರಲಿಲ್ಲ. ಅವರ ಮೇಲೆ ನಮಗೆ ಸಿಟ್ಟಿಲ್ಲ, ದಯವಿಟ್ಟು ಈ ಹಣವನ್ನು ಅವರ ಸಂಬಳದಲ್ಲಿ ಹಿಡಿಯಬೇಡಿ.

ನಾವು ಕೇಳುತ್ತಿರುವುದು: ಚಿತ್ತಾರದ ಪೂರ್ತಿ 85,000, ಹೂವಿನಲ್ಲಿ ಅರ್ಧ 80,000, ಭರಣಿಯ 35,000, ಮಂಟಪದ 90,000ದಲ್ಲಿ 30,000, ಸ್ಟೈಲಿಂಗ್ ಶುಲ್ಕದಲ್ಲಿ ಅರ್ಧ 55,000. ಒಟ್ಟು 2,85,000, ಅದರ ಮೇಲಿನ ಜಿಎಸ್‌ಟಿ 51,300 ಸೇರಿ 3,36,300 ರೂಪಾಯಿ. ಮುಂದಿನ ಮದುವೆಗೆ ರಿಯಾಯಿತಿ ಕೂಪನ್ ಕೊಡುವ ಮಾತು ಬೇಡ. ನಮ್ಮ ಮನೆಯಲ್ಲಿ ಸದ್ಯ ಇನ್ನೊಂದು ಮದುವೆ ಇಲ್ಲ.

ಈ ಪತ್ರ ತಲುಪಿದ 15 ದಿನದೊಳಗೆ ಹಣ ಬಾರದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವಾ ನ್ಯೂನತೆಗಾಗಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇವೆ. ದೂರುದಾರರು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಲು ಆ ಕಾಯ್ದೆಯ 34ನೇ ಕಲಮು ಅವಕಾಶ ಕೊಡುತ್ತದೆ. ಆದ್ದರಿಂದ ನಾವು ಬೆಂಗಳೂರಿಗೆ ಅಲೆಯುವುದಿಲ್ಲ, ನೀವೇ ಶಿವಮೊಗ್ಗಕ್ಕೆ ಬರಬೇಕಾಗುತ್ತದೆ. ನಾವು ಕೊಟ್ಟಿರುವ ಮೊತ್ತಕ್ಕೆ ಅಲ್ಲಿನ ಶುಲ್ಕ 200 ರೂಪಾಯಿ.

ಲಗತ್ತು: ಒಪ್ಪಂದ, ನಕ್ಷೆ, ಸಾಮಗ್ರಿ ಪಟ್ಟಿ, ಮೂರು ಪಾವತಿಗಳ ರಸೀದಿ, ವಾಟ್ಸ್ಆ್ಯಪ್ ಮಾತುಕತೆಯ ಪ್ರತಿ, 31 ಫೋಟೋ.

ಇತಿ,
ವಧುವಿನ ಅಣ್ಣ, ವರನ ಅಕ್ಕ

ವಿ.ಸೂ.: ನಿಮ್ಮ ಎರಡು ಕಬ್ಬಿಣದ ಚೌಕಟ್ಟು ಮತ್ತು ಆ ಫ್ಲೆಕ್ಸ್ ಇನ್ನೂ ಛತ್ರದ ಹಿತ್ತಲಲ್ಲಿವೆ. ಛತ್ರದವರು ದಿನಾ ಫೋನ್ ಮಾಡುತ್ತಿದ್ದಾರೆ. ಭರಣಿಯ ಪೆಟ್ಟಿಗೆಗೆ ಬರುವಾಗ ಅವನ್ನೂ ತೆಗೆದುಕೊಂಡು ಹೋಗಿ.