ನೆಂಟರು ಬಂದಾಗ ಮನೆಯ ಹುಡುಗ ಮೂಲೆ ಸೇರಬಾರದು

ಮಾನ್ಯ ಸಂಪಾದಕರೇ,

ಒಂದು ಕಾರ್ಟೂನ್ ಧಾರಾವಾಹಿಗೆ ಇನ್ನೊಂದರ ಸೂಪರ್‌ಹೀರೋ ತಂಡ ಬಂದು ಹೋದರೆ, ಅದು ಸುಮ್ನೆ ಗೊಂಬೆ ಮಾರುವ ತಂತ್ರ ಎಂದು ಬಹಳ ಜನ ತಳ್ಳಿಹಾಕುತ್ತಾರೆ. ಮಾರಾಟದ ಲೆಕ್ಕ ಇದ್ದೇ ಇರುತ್ತದೆ. ಆದರೆ ಎಲ್ಲ ಕಂತುಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ.

ಅಮೆರಿಕದಲ್ಲಿ 1994ರಲ್ಲಿ ಶುರುವಾದ ‘ಸ್ಪೈಡರ್-ಮ್ಯಾನ್’ ಕಾರ್ಟೂನ್ ನೋಡಿ. 1995ರಲ್ಲಿ ಅದರ ಎರಡು ಕಂತುಗಳಿಗೆ ಎಕ್ಸ್-ಮೆನ್ ತಂಡ ಬಂತು. ಇವರು ಮ್ಯೂಟಂಟ್‌ಗಳು, ಅಂದರೆ ಹುಟ್ಟಿನಿಂದಲೇ ವಿಚಿತ್ರ ಶಕ್ತಿ ಪಡೆದವರು; ಇವರಿಗೂ ಬೇರೆ ಕಾರ್ಟೂನ್ ಇತ್ತು. ಆ ಹೊತ್ತಿಗೆ ಪೀಟರ್ ಪಾರ್ಕರ್‌ನ, ಅಂದರೆ ಸ್ಪೈಡರ್-ಮ್ಯಾನ್‌ನ, ಮೈಯೇ ಬದಲಾಗತೊಡಗಿದೆ. ನಾಳೆ ತಾನು ಏನಾಗಿಬಿಡುತ್ತೇನೋ ಎಂಬ ದಿಗಿಲು. ವಾಸಿ ಮಾಡಿಸಿಕೊಳ್ಳಲು ಎಕ್ಸ್-ಮೆನ್ ಮುಖ್ಯಸ್ಥ ಪ್ರೊಫೆಸರ್ ಝೇವಿಯರ್ ಹತ್ತಿರ ಹೋಗುತ್ತಾನೆ. ಇಲ್ಲಿ ನಾವು ವಾಸಿ ಮಾಡುವುದಿಲ್ಲ, ಇದ್ದ ಹಾಗೇ ಬದುಕಲು ಕಲಿಸುತ್ತೇವೆ ಎಂಬ ಉತ್ತರ ಸಿಗುತ್ತದೆ. ಹುಡುಗ ಸಿಟ್ಟಿನಿಂದ ಎದ್ದು ಹೊರಡುತ್ತಾನೆ. ಆಮೇಲೆ, ಔಷಧಿ ಕೊಡುತ್ತೇನೆ ಅನ್ನುವ ವಿಜ್ಞಾನಿ ಹರ್ಬರ್ಟ್ ಲ್ಯಾಂಡನ್‌ಗೆ ನಿಜಕ್ಕೂ ಬೇಕಿರುವುದು ಮ್ಯೂಟಂಟ್‌ಗಳ ನಾಶ ಎಂದು ಗೊತ್ತಾಗುತ್ತದೆ. ಕತೆ ಕೊನೆವರೆಗೂ ಪೀಟರ್‌ನದೇ. ಅವನ ನೋವಿಗೆ ಈ ತಂಡವೇ ಬೇಕಿತ್ತು, ಬೇರೆ ಯಾರು ಬಂದಿದ್ದರೂ ನಡೆಯುತ್ತಿರಲಿಲ್ಲ.

ಇನ್ನೊಂದು ವಿಷಯ ನನಗೆ ತುಂಬ ಮುಖ್ಯ. ಎಕ್ಸ್-ಮೆನ್ ಪಾತ್ರಗಳಿಗೆ ದನಿ ಕೊಡುತ್ತಿದ್ದವರು ಬಹುತೇಕ ಕೆನಡಾದ ಟೊರಾಂಟೊದ ಕಲಾವಿದರು. ಸ್ಪೈಡರ್-ಮ್ಯಾನ್ ರೆಕಾರ್ಡಿಂಗ್ ನಡೆಯುತ್ತಿದ್ದದ್ದು ಲಾಸ್ ಏಂಜಲೀಸ್‌ನಲ್ಲಿ. ಅಗ್ಗಕ್ಕೆ ಬೇರೆಯವರ ಹತ್ತಿರ ಮಾತಾಡಿಸದೆ ಅವರನ್ನೇ ವಿಮಾನದಲ್ಲಿ ಕರೆಸಿದರು. ಅದಕ್ಕೆ ಖರ್ಚು ಜಾಸ್ತಿ ಆಯಿತು. ಮುಂದೆ ಹಲವು ಹೀರೋಗಳು ಸೇರುವ ಕಂತುಗಳು ಬಂದಾಗ ಎಕ್ಸ್-ಮೆನ್‌ನಿಂದ ಸ್ಟಾರ್ಮ್ ಒಬ್ಬಳೇ ಕಾಣಿಸಿಕೊಂಡಳು. ಅವಳಿಗೆ ದನಿ ಕೊಟ್ಟ ಅಯೋನಾ ಮಾರಿಸ್ ಲಾಸ್ ಏಂಜಲೀಸ್‌ನಲ್ಲೇ ಇದ್ದರು! ಮಕ್ಕಳಿಗೆ ಪಾತ್ರದ ಗುರುತು ಸಿಗುವುದು ಅರ್ಧ ದನಿಯಿಂದಲೇ ಅಲ್ವಾ? ಅದಕ್ಕೇ ಆ ಮೊದಲ ಖರ್ಚನ್ನು ನಾನು ಮೆಚ್ಚುತ್ತೇನೆ.

ನನಗೆ ಇನ್ನೂ ಹೆಚ್ಚು ಇಷ್ಟವಾದದ್ದು 2003ರ ‘ಸ್ಟ್ಯಾಟಿಕ್ ಶಾಕ್’ ಕಂತುಗಳು. ಇದರ ಹೀರೋ ಸ್ಟ್ಯಾಟಿಕ್, ನಿಜವಾದ ಹೆಸರು ವರ್ಜಿಲ್ ಹಾಕಿನ್ಸ್, ಕಪ್ಪು ಜನಾಂಗದ ಹೈಸ್ಕೂಲ್ ಹುಡುಗ, ಮೈಯಲ್ಲಿ ವಿದ್ಯುತ್ ಶಕ್ತಿ. ಬ್ಯಾಟ್‌ಮ್ಯಾನ್‌ನಂಥ ಹೀರೋಗಳ ತಂಡವಾದ ಜಸ್ಟೀಸ್ ಲೀಗ್‌ನ ಬಾಹ್ಯಾಕಾಶ ನೆಲೆಯಲ್ಲಿ ಕರೆಂಟ್ ಹೋಗಿದೆ. ಲೋಕ ಕಾಯುವ ಅಷ್ಟು ದೊಡ್ಡವರು ಈ ಹುಡುಗನ ನೆರವು ಕೇಳಬೇಕಾಗುತ್ತದೆ. ಈ ಪಾತ್ರವನ್ನು ಕಾಮಿಕ್ಸ್‌ನಲ್ಲಿ ಹುಟ್ಟಿಸಿದವರಲ್ಲಿ ಒಬ್ಬರು ಡ್ವೇನ್ ಮೆಕ್‌ಡಫಿ. ಅವರು ಜಸ್ಟೀಸ್ ಲೀಗ್ ಧಾರಾವಾಹಿಗೂ ಬರೆದವರು. 2011ರಲ್ಲಿ ತೀರಿಕೊಂಡರು.

ಎಷ್ಟೋ ಧಾರಾವಾಹಿಗಳಲ್ಲಿ ಇದು ಉಲ್ಟಾ ಆಗುತ್ತದೆ. ಬಂದವರೇ ಹೊಡೆದಾಡಿ, ಬಂದವರೇ ಗೆದ್ದು ಹೋಗುತ್ತಾರೆ. ಮಕ್ಕಳು ವಾರವಾರ ಕಾದು ನೋಡಿದ ಹೀರೋ ಪಕ್ಕದಲ್ಲಿ ನಿಂತು ಬಾಯಿ ಬಿಟ್ಟು ನೋಡುತ್ತಿರುತ್ತಾನೆ. ಅಂಥ ಕಂತುಗಳನ್ನು ಟೀಕಿಸಲೇಬೇಕು.

ಪತ್ರಿಕೆಯಲ್ಲಿ ಸಿನಿಮಾಕ್ಕೆ ಪುಟಗಟ್ಟಲೆ ಜಾಗವಿದೆ. ಕಾರ್ಟೂನ್‌ಗಳಿಗೂ ವಾರಕ್ಕೊಂದು ಕಾಲಂ ಕೊಡಿ. ಕತೆ ಬರೆದವರ, ದನಿ ಕೊಟ್ಟವರ ಹೆಸರು ಅದರಲ್ಲಿ ಬರಲಿ. ಹೋದ ತಿಂಗಳು ಎಂಟು ವರ್ಷದ ಮಗನಿಗೆ ಸ್ಟ್ಯಾಟಿಕ್ ಕಂತು ತೋರಿಸಿದೆ. ತಟ್ಟೆಯಲ್ಲಿದ್ದ ದೋಸೆ ಹಾಗೇ ತಣ್ಣಗಾಯಿತು. ಮುಗಿದ ಮೇಲೆ ನನ್ನ ಕಡೆ ತಿರುಗಿ, “ಅಪ್ಪಾ, ಬ್ಯಾಟ್‌ಮ್ಯಾನ್‌ಗೂ ಅವನೇ ಬೇಕಾಯ್ತಲ್ವಾ?” ಅಂದ.

ಇಂತಿ,
ನಿಮ್ಮ ಓದುಗ, ತುಮಕೂರು