ತಲೆಬರಹದಲ್ಲಿ ‘ಲ್ಯಾಬ್‌ನಲ್ಲಿ’ ಎಂದು ಸೇರಿಸಿ

ಮಾನ್ಯ ಸಂಪಾದಕರೇ,

ನಿದ್ದೆ ಬರಿಸುವ ಬಾರ್ಬಿಚುರೇಟ್ ಔಷಧಗಳು ರಕ್ತ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತವೆ ಎಂಬ ಸುದ್ದಿ ನಿಮ್ಮ ಪತ್ರಿಕೆಯಲ್ಲಿ ಓದಿದೆ. ಸುಳ್ಳೇನಲ್ಲ. ಆದರೆ ಆ ತಲೆಬರಹ ನೋಡಿದವರು ಮಾತ್ರೆ ಸಿಕ್ಕೇಬಿಟ್ಟಿತು ಅಂದುಕೊಳ್ಳುತ್ತಾರೆ, ಅಲ್ವಾ?

ನಾನು 22 ವರ್ಷ ಕೋಶ ಬೆಳೆಸುವ ಲ್ಯಾಬ್‌ನಲ್ಲಿ ಟೆಕ್ನಿಷಿಯನ್ ಆಗಿದ್ದವಳು. ಹೆಚ್ಚಾಗಿ ಕೈಯಾಡಿಸಿದ್ದು ಜುರ್ಕಾಟ್ ಕೋಶಗಳಲ್ಲಿ. 1970ರ ದಶಕದಲ್ಲಿ ರಕ್ತ ಕ್ಯಾನ್ಸರ್ ಇದ್ದ 14 ವರ್ಷದ ಹುಡುಗನ ರಕ್ತದಿಂದ ತೆಗೆದವು ಅವು. ಇವತ್ತಿಗೂ ಬೆಳೆಯುತ್ತಲೇ ಇವೆ.

ಒಮ್ಮೆ ಅವಕ್ಕೆ ಥಯೋಪೆಂಟಲ್ ಎಂಬ ಬಾರ್ಬಿಚುರೇಟ್ ಕರಗಿಸಿ ಹಾಕಿದ್ದೆ. ಮರುದಿನ ಟ್ರೈಪಾನ್ ಬ್ಲೂ ಬೆರೆಸಿ ಮೈಕ್ರೋಸ್ಕೋಪ್‌ನಲ್ಲಿ ನೋಡಿದರೆ ಎಲ್ಲವೂ ನೀಲಿ. ಆ ಬಣ್ಣ ಒಳಗಿಳಿಯುವುದು ಸತ್ತ ಕೋಶಕ್ಕೆ ಮಾತ್ರ. ಖುಷಿಯೋ ಖುಷಿ! ಆಮೇಲೆ ಕೋಶ ಬೆಳೆಸುವ ಬಾಟಲಿ, ಅಂದರೆ ಫ್ಲಾಸ್ಕ್, ಎತ್ತಿ ಬೆಳಕಿಗೆ ಹಿಡಿದೆ. ಕೆಂಪಗಿರಬೇಕಾದ ದ್ರಾವಣ ನೇರಳೆಗೆ ತಿರುಗಿತ್ತು, ಅಂದರೆ ಕ್ಷಾರ ಜಾಸ್ತಿಯಾಗಿತ್ತು. ಥಯೋಪೆಂಟಲ್ ದ್ರಾವಣ ಸುಣ್ಣದ ತಿಳಿನೀರಿನಂತೆ ಕ್ಷಾರ, ಪಿಎಚ್ 10ರ ಮೇಲೆ. ಕೋಶ ಸತ್ತಿದ್ದು ಔಷಧದಿಂದಲೋ, ಕ್ಷಾರದಿಂದಲೋ? ಬರೀ ಕ್ಷಾರ ಹಾಕಿದ ಇನ್ನೊಂದು ಫ್ಲಾಸ್ಕ್ ಪಕ್ಕದಲ್ಲಿ ಇಡಬೇಕಿತ್ತು. ಮರೆತಿದ್ದೆ. ವಾರದ ಕೆಲಸಕ್ಕೆ ಬ್ಲೀಚ್ ಸುರಿದು ಚೆಲ್ಲಿದೆ. (ಬ್ಲೀಚ್ ಕೂಡ ಕ್ಯಾನ್ಸರ್ ಕೋಶವನ್ನು ಚೆನ್ನಾಗಿಯೇ ಕೊಲ್ಲುತ್ತದೆ.)

ಮೈಯೊಳಗಿನ ಕಥೆ ಬೇರೆ. ಬಾರ್ಬಿಚುರೇಟ್‌ಗಳಲ್ಲೇ ಒಂದಾದ ಫೀನೋಬಾರ್ಬಿಟಾಲ್ 1912ರಿಂದ ಬಳಕೆಯಲ್ಲಿರುವ ಔಷಧ. ಫಿಟ್ಸ್‌ಗೆ ಕೊಡುತ್ತಾರೆ. ಅದು ಲಿವರ್‌ನ ಕಿಣ್ವಗಳನ್ನು ಕೆರಳಿಸುತ್ತದೆ. ಆಗ ಲಿವರ್ ಬೇರೆ ಔಷಧಗಳನ್ನೂ ಬೇಗ ಬೇಗ ಕರಗಿಸಿ ಹೊರಹಾಕುತ್ತದೆ. ಕ್ಯಾನ್ಸರ್‌ಗೆ ಕೊಡುವ ಕೀಮೋ ಔಷಧವನ್ನೂ ಬಿಡುವುದಿಲ್ಲ. 2000ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ರಕ್ತ ಕ್ಯಾನ್ಸರ್ ಇದ್ದ 716 ಮಕ್ಕಳಲ್ಲಿ 40 ಮಕ್ಕಳು ಫೀನೋಬಾರ್ಬಿಟಾಲ್, ಫೆನಿಟಾಯಿನ್ ಅಥವಾ ಕಾರ್ಬಮಜೆಪಿನ್ ಎಂಬ ಫಿಟ್ಸ್ ಔಷಧಗಳನ್ನು ಕನಿಷ್ಠ 30 ದಿನ ತೆಗೆದುಕೊಂಡಿದ್ದರು. ಅವರ ಮೈಯಿಂದ ಕೀಮೋ ಔಷಧ ಬೇಗ ಖಾಲಿಯಾಗಿತ್ತು, ಚಿಕಿತ್ಸೆಯ ಫಲವೂ ಕಡಿಮೆಯಾಗಿತ್ತು. ಫ್ಲಾಸ್ಕ್‌ನಲ್ಲಿ ಕ್ಯಾನ್ಸರ್‌ನ ವೈರಿಯಂತೆ ಕಾಣುವ ಔಷಧದ ಗುಂಪಿನದೇ ಇನ್ನೊಂದು, ಮೈಯೊಳಗೆ ಚಿಕಿತ್ಸೆಗೇ ಅಡ್ಡಗಾಲು.

ಹಾಗಾಗಿ ತಂದೆತಾಯಿಯರೇ, ಮಗುವಿಗೆ ಫಿಟ್ಸ್ ಮಾತ್ರೆ ನಡೆಯುತ್ತಿದ್ದರೆ ಕ್ಯಾನ್ಸರ್ ಡಾಕ್ಟರಿಗೆ ಮೊದಲೇ ಹೇಳಿ. ಸುಮ್ನೆ ನೀವಾಗಿಯೇ ನಿಲ್ಲಿಸಬೇಡಿ, ಅದೂ ಅಪಾಯ.

ಸಂಪಾದಕರೇ, ಇಂಥ ಸುದ್ದಿ ಹಾಕುವಾಗ ಯಾವ ಕೋಶ, ಎಷ್ಟು ಔಷಧ, ಮನುಷ್ಯರಿಗೆ ಕೊಟ್ಟು ನೋಡಿದ್ದಾರೋ ಇಲ್ಲವೋ ಎಂಬ ಮೂರು ಮಾತು ಸೇರಿಸಿ. ಜಾಗ ಸಾಲದಿದ್ದರೆ ತಲೆಬರಹದಲ್ಲಿ ‘ಲ್ಯಾಬ್‌ನಲ್ಲಿ’ ಎಂಬ ಒಂದೇ ಪದ ಹಾಕಿದರೂ ನಡೆದೀತು.

— ನಿವೃತ್ತ ಲ್ಯಾಬ್ ಟೆಕ್ನಿಷಿಯನ್