ನಿಂತೇ ಇರುವ ಕಾರಿನ ಬ್ಯಾಟರಿ: ಸೋದರಸೊಸೆಗೆ ಒಂದು ಪತ್ರ

ದಾವಣಗೆರೆ

ಚಿರಂಜೀವಿ ಪುಟ್ಟಿಗೆ,

ನಿನ್ನ ಸೋದರಮಾವ ಮಾಡುವ ಅನೇಕ ಆಶೀರ್ವಾದಗಳು. ಇತ್ತ ನಾವೆಲ್ಲರೂ ಕ್ಷೇಮ. ಬೆಂಗಳೂರಿನಲ್ಲಿ ನೀವೆಲ್ಲರೂ ಕ್ಷೇಮವೆಂದು ನಂಬಿದ್ದೇನೆ. ನಿನ್ನ 2009ರ ಪೋರ್ಷೆ ಬಾಕ್ಸ್‌ಟರ್ ಕಾರು ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಮತ್ತೆ ಜೀವವಿಲ್ಲದೆ ನಿಂತಿದೆಯೆಂದೂ, ಬ್ಯಾಟರಿ ಹಾಕಿಸಿ ಎಂಟು ತಿಂಗಳೂ ಆಗಿಲ್ಲವಾದ್ದರಿಂದ ಇನ್ನೊಂದನ್ನು ಕೊಳ್ಳುವುದೋ ಬೇಡವೋ ತಿಳಿಯುತ್ತಿಲ್ಲವೆಂದೂ ಬರೆದಿದ್ದೀಯೆ. ಕೊಳ್ಳಬೇಡ. ಏಕೆ ಸತ್ತಿತೆಂದು ತಿಳಿಯದೆ ಹಾಕಿದ ಹೊಸ ಬ್ಯಾಟರಿಯೂ ಅದೇ ದಾರಿ ಹಿಡಿಯುತ್ತದೆ. ಮೂವತ್ತು ವರ್ಷ ಬ್ಯಾಟರಿ ಅಂಗಡಿ ನಡೆಸಿದ ನಾನು ಇದನ್ನು ಎಷ್ಟು ಸಲ ಕಂಡಿದ್ದೇನೆಂಬುದಕ್ಕೆ ಲೆಕ್ಕವಿಲ್ಲ.

ಕಾರು ನಿಂತಿದ್ದರೆ ಬ್ಯಾಟರಿಗೂ ಬಿಡುವು ಎಂದು ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ. ನೀನು ಬೀಗ ಹಾಕಿ ಲಿಫ್ಟ್ ಹತ್ತಿದ ಮೇಲೂ ಕಳ್ಳರನ್ನು ಕಾಯುವ ಅಲಾರಂ, ಕೀಲಿಯ ಸಂಕೇತಕ್ಕಾಗಿ ಕಾದಿರುವ ರಿಸೀವರ್, ಗಡಿಯಾರ, ಕಂಪ್ಯೂಟರುಗಳ ನೆನಪು, ಇವೆಲ್ಲವೂ ಸೇರಿ ಸಾಮಾನ್ಯವಾಗಿ 20ರಿಂದ 50 ಮಿಲಿಆಂಪಿಯರ್ ಕರೆಂಟನ್ನು ಹಗಲೂ ರಾತ್ರಿ ಎಳೆಯುತ್ತಿರುತ್ತವೆ. ನಡುವೆ 40 ಎಂದು ಹಿಡಿದರೂ ದಿನಕ್ಕೆ ಹತ್ತಿರಹತ್ತಿರ ಒಂದು ಆಂಪಿಯರ್-ಗಂಟೆ, ಅಂದರೆ ಒಂದು ಆಂಪಿಯರ್ ಕರೆಂಟು ಒಂದು ಗಂಟೆ ಹರಿದಷ್ಟು, ಕರಗುತ್ತದೆ. 60 ಆಂಪಿಯರ್-ಗಂಟೆಯ ಬ್ಯಾಟರಿ ಒಂದು ತಿಂಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ. ಆದರೆ ಈ ಸಲ ಕಾರು ನಿಂತದ್ದು ಬರೀ ಹನ್ನೆರಡು ದಿನ ಎಂದಿದ್ದೀಯೆ, ನನ್ನ ಮನಸ್ಸು ಕೊರೆಯುತ್ತಿರುವುದು ಆ ಮಾತಿನಲ್ಲಿಯೇ. ದೀಪಾವಳಿಗೆ ನಾವು ಬಂದಾಗ ಮುಂದಿನ ಗಾಜಿಗೆ ಹೊಸದಾಗಿ ಕ್ಯಾಮೆರಾ ಹಾಕಿಸಿದ್ದನ್ನು ನೀನು ತೋರಿಸಿದ್ದೆ; ಕಾರು ನಿಂತಾಗಲೂ ಅದು ಚಿತ್ರ ತೆಗೆಯುತ್ತಲೇ ಇರುತ್ತದೆಂದು ಹೇಳಿದ್ದೂ ನೆನಪಿದೆ. ಅದೊಂದೇ 200 ಮಿಲಿಆಂಪಿಯರ್ ಎಳೆದರೆ ದಿನಕ್ಕೆ ಸುಮಾರು ಐದು ಆಂಪಿಯರ್-ಗಂಟೆ ಹೋಯಿತು. ಹನ್ನೆರಡು ದಿನಕ್ಕೆ ಲೆಕ್ಕ ಸರಿಯಾಗಿ ಕೂಡುತ್ತದೆ. ಮೊದಲು ಅದರ ವೈರನ್ನು ಬಿಡಿಸಿ, ಕೀಲಿ ತಿರುಗಿಸಿದಾಗ ಮಾತ್ರ ಕರೆಂಟು ಬರುವ ಫ್ಯೂಸಿಗೆ ಕೊಡಿಸು.

ಈಗ ಕಾರಿನೊಳಗೆ ಹೋಗುವ ವಿಷಯ. ಈ ಕಾರಿನಲ್ಲಿ ಎಂಜಿನ್ ಸೀಟಿನ ಹಿಂದಿದೆ, ಬ್ಯಾಟರಿ ಮುಂದಿನ ಡಿಕ್ಕಿಯಲ್ಲಿದೆ, ಡಿಕ್ಕಿಯ ಚಿಲಕ ತೆರೆಯುವುದು ಕರೆಂಟಿನಿಂದ. ಸತ್ತ ಬ್ಯಾಟರಿ ತನ್ನ ಬಾಗಿಲನ್ನು ತಾನೇ ಮುಚ್ಚಿಕೊಂಡು ಕುಳಿತಿದೆಯೆಂದು ಗಾಬರಿಯಾಗಬೇಡ, ಮತ್ತು ಸ್ಕ್ರೂಡ್ರೈವರ್ ತೂರಿಸಿ ಮೀಟುತ್ತೇನೆನ್ನುವ ಯಾರನ್ನೂ ಹತ್ತಿರ ಸೇರಿಸಬೇಡ. ತಯಾರಿಸಿದವರು ದಾರಿ ಇಟ್ಟೇ ಇದ್ದಾರೆ. ಕೀಲಿಯಿಂದಲೇ ಬಾಗಿಲು ತೆಗೆ, ಆದರೆ ನಿಧಾನವಾಗಿ ತೆಗೆ. ಹಿಡಿ ಎಳೆದ ಕೂಡಲೇ ಕಿಟಕಿಯ ಗಾಜು ಒಂದಿಷ್ಟು ಕೆಳಗಿಳಿಯುವುದನ್ನು ನೀನು ನೋಡಿರುತ್ತೀಯೆ; ಕರೆಂಟಿಲ್ಲದಾಗ ಅದು ಇಳಿಯುವುದಿಲ್ಲ. ಗಾಜಿನ ಅಂಚು ಮೇಲಿನ ರಬ್ಬರಿನಲ್ಲಿ ಕಚ್ಚಿಕೊಂಡಿರುತ್ತದೆಯಾದ್ದರಿಂದ ಅಂಗೈಯಿಂದ ಮೆಲ್ಲಗೆ ಬಿಡಿಸಿಕೊಳ್ಳಬೇಕು, ತೆಗೆದ ಬಾಗಿಲನ್ನು ಮತ್ತೆ ರಭಸದಿಂದ ಹಾಕಬಾರದು. ಕಾಲಿಡುವ ಜಾಗದ ಪಕ್ಕದಲ್ಲಿರುವ ಫ್ಯೂಸ್ ಪೆಟ್ಟಿಗೆಯ ಮುಚ್ಚಳ ಕಳಚಿದರೆ ಹೊರಕ್ಕೆ ಎಳೆಯಬಹುದಾದ ಒಂದು ಪ್ಲಸ್ ಟರ್ಮಿನಲ್ ಇದೆ. ಬೇರೊಂದು 12 ವೋಲ್ಟಿನ ಬ್ಯಾಟರಿಯ ಪ್ಲಸ್‌ಗೆ ಹಾಕಿದ ಕೆಂಪು ಕೇಬಲ್ಲಿನ ಇನ್ನೊಂದು ತುದಿ ಅದಕ್ಕೆ; ಕಪ್ಪು ಕೇಬಲ್ಲು, ಕೈಪಿಡಿಯ ಚಿತ್ರದಲ್ಲಿ ತೋರಿಸಿರುವಂತೆ, ಬಾಗಿಲ ಬಳಿಯ ಬಣ್ಣವಿಲ್ಲದ ಲೋಹಕ್ಕೆ. ಕಪ್ಪು ಕೇಬಲ್ಲು ತಾಗಿದೊಡನೆ ಅಲಾರಂ ಕಿರುಚಿಕೊಳ್ಳಬಹುದು. ಬೆಚ್ಚಿಬಿದ್ದು ಕ್ಲಿಪ್ಪು ಕೈಬಿಡಬೇಡ; ಕೀಲಿಯಲ್ಲಿರುವ ಮುಂದಿನ ಡಿಕ್ಕಿಯ ಗುಂಡಿಯನ್ನು ಒಂದೆರಡು ಸೆಕೆಂಡು ಒತ್ತಿ ಹಿಡಿದರೆ ಅಲಾರಮ್ಮೂ ನಿಲ್ಲುತ್ತದೆ, ಡಿಕ್ಕಿಯೂ ತೆರೆಯುತ್ತದೆ. ತೆಗೆಯುವಾಗ ಮೊದಲು ಕಪ್ಪು, ಆಮೇಲೆ ಕೆಂಪು. ಈ ಟರ್ಮಿನಲ್ ಇರುವುದು ಡಿಕ್ಕಿ ತೆರೆಯಲು ಮಾತ್ರ, ಎಂಜಿನ್ ಸ್ಟಾರ್ಟ್ ಮಾಡಲು ಅಲ್ಲ.

ಪಕ್ಕದ ಮನೆಯವರ ಕಾರಿನಿಂದ ಕೇಬಲ್ ಹಾಕಿ ಸ್ಟಾರ್ಟ್ ಮಾಡಿ, ಒಂದು ಸುತ್ತು ಹೋಗಿಬಂದರೆ ಸರಿಯಾಗುತ್ತದೆಂದು ನಿನಗೆ ಸಲಹೆ ಕೊಟ್ಟವರಿದ್ದಾರೆ. ಆಸ್ಪತ್ರೆಗೆ ಓಡಬೇಕಾದ ತುರ್ತಿದ್ದರೆ ಹಾಗೆ ಮಾಡು. ಇಲ್ಲದಿದ್ದರೆ ಬೇಡ. ಪೂರ್ತಿ ಬರಿದಾದ ಬ್ಯಾಟರಿಯನ್ನು ತುಂಬಿಸುವುದು ಎಂಜಿನ್ ಓಡುವಾಗ ಕರೆಂಟು ಹುಟ್ಟಿಸುವ ಆಲ್ಟರ್ನೇಟರಿನ ಕೆಲಸವಲ್ಲ. ಅದಕ್ಕೂ ಶ್ರಮ, ಬ್ಯಾಟರಿಗೂ ಹಿಂಸೆ. ಕೇಬಲ್ಲು ತಿರುಗುಮುರುಗಾದರೆ ಸುಡುವುದು ಬರೀ ಫ್ಯೂಸಲ್ಲ, ಕಂಪ್ಯೂಟರುಗಳೇ ಹೋದಾವು. ಡಿಕ್ಕಿ ತೆರೆದ ಮೇಲೆ ಚಾರ್ಜರ್ ಹಾಕಿ, ಐದಾರು ಆಂಪಿಯರಿನಲ್ಲಿ ರಾತ್ರಿಯಿಡೀ ನಿಧಾನವಾಗಿ ತುಂಬಿಸು. ಬ್ಯಾಟರಿಯಿಂದ ಅನಿಲ ಹೊರಹೋಗಲು ಒಂದು ಸಣ್ಣ ಕೊಳವೆಯಿದೆ, ಅದು ಕಳಚಿದೆಯೇ ನೋಡು. ಚಾರ್ಜ್ ಆಗುವಾಗ ಹೈಡ್ರೋಜನ್ ಹೊಮ್ಮುತ್ತದೆ, ಹತ್ತಿರ ಬೆಂಕಿ ಕೂಡದು. ನನ್ನ ಅಂಗಡಿಯಲ್ಲಿ ಒಮ್ಮೆ ಚಾರ್ಜರ್ ಆರಿಸದೆಯೇ ಕ್ಲಿಪ್ ಕಿತ್ತಾಗ ಕಿಡಿ ಹಾರಿ, ಬ್ಯಾಟರಿಯ ಮೇಲ್ಮುಚ್ಚಳ ಸಿಡಿದು, ಆಸಿಡ್ ಗೋಡೆಯೆತ್ತರಕ್ಕೆ ಚಿಮ್ಮಿತು. ಕೆಲಸದ ಹುಡುಗ ಆಗ ತಾನೇ ಪಕ್ಕಕ್ಕೆ ಬಗ್ಗಿದ್ದರಿಂದ ಅವನ ಕಣ್ಣು ಉಳಿದವು. ಆದ್ದರಿಂದ ಮೊದಲು ಸ್ವಿಚ್ಚು, ಆಮೇಲೆ ಕ್ಲಿಪ್ಪು.

ತುಂಬಿದ ಮೇಲೆ ಮೈನಸ್ ಟರ್ಮಿನಲ್ ಬಿಚ್ಚಿಟ್ಟು, ಮರುದಿನ ಮಲ್ಟಿಮೀಟರಿನಲ್ಲಿ ನೋಡು. 12.6 ವೋಲ್ಟಿನ ಆಸುಪಾಸು ನಿಂತಿದ್ದರೆ ಬ್ಯಾಟರಿ ಬದುಕಿದೆ, 12.2 ಎಂದರೆ ಅರ್ಧ. 12ಕ್ಕಿಂತ ಕೆಳಗೆ ಕುಸಿದಿದ್ದರೆ ಆಗ ಹೊಸದರ ಮಾತಾಡೋಣ. ಬರಿದಾದ ಬ್ಯಾಟರಿಯನ್ನು ವಾರಗಟ್ಟಲೆ ಹಾಗೇ ಬಿಡುವುದೇ ನಿಜವಾದ ಅಪಾಯ, ಏಕೆಂದರೆ ತಟ್ಟೆಗಳ ಮೇಲೆ ಸೀಸದ ಸಲ್ಫೇಟು ಗಟ್ಟಿಯಾಗಿ ಕೂತುಬಿಡುತ್ತದೆ. ಸುಗ್ಗಿ ಮುಗಿಸಿ ಟ್ರ್ಯಾಕ್ಟರನ್ನು ಮರೆತು, ಮುಂಗಾರಿನ ಉಳುಮೆಗೆ ನೆನಪಾಗಿ ರೈತರು ತರುತ್ತಿದ್ದ ಬ್ಯಾಟರಿಗಳನ್ನು ಬಿಚ್ಚಿದರೆ, ಒಳಗಿನ ತಟ್ಟೆಗಳು ಸುಣ್ಣ ಬಳಿದ ಗೋಡೆಯಂತೆ ಬೆಳ್ಳಗಾಗಿರುತ್ತಿದ್ದವು. ಉಗುರಿನಿಂದ ಕೆರೆದರೆ ಹಳಕು ಏಳುತ್ತಿತ್ತು. ಸುಗ್ಗಿಯ ಮರುದಿನವೇ ಬಿಚ್ಚಿ ತಂದು, ಚಾರ್ಜ್ ಮಾಡಿಸಿ, ತಿಂಗಳಿಗೊಮ್ಮೆ ತೋರಿಸಿಕೊಂಡು ಹೋಗುತ್ತಿದ್ದವರ ಬ್ಯಾಟರಿ ಐದು ವರ್ಷ ಬಂದದ್ದನ್ನೂ ಕಂಡಿದ್ದೇನೆ.

ಇನ್ನು ಮುಂದಿನ ದಿನಗಳಿಗೆ, ತುಂಬಿದ ಮೇಲೆ ತಾನಾಗಿಯೇ ಕರೆಂಟು ತಗ್ಗಿಸಿಕೊಂಡು ತಿಂಗಳುಗಟ್ಟಲೆ ಕಾಯ್ದುಕೊಳ್ಳುವ ಚಾರ್ಜರನ್ನು ಕೊಂಡುಕೋ. ಹೊಸ ಬ್ಯಾಟರಿಗೆಂದು ಎತ್ತಿಟ್ಟ ಹಣ ಅದಕ್ಕೆ ಹೋಗಲಿ. ನೆಲಮಾಳಿಗೆಯಲ್ಲಿ ನಿನ್ನ ಜಾಗಕ್ಕೆ ಒಂದು ಪ್ಲಗ್ ಪಾಯಿಂಟ್ ಬೇಕೆಂದು ಸಂಘದವರಿಗೆ ಬರೆದು ಕೊಡು, ಮೀಟರಿನ ಖರ್ಚು ನಾನೇ ಭರಿಸುತ್ತೇನೆಂದೂ ಸೇರಿಸು. ಅದು ಆಗುವವರೆಗೆ ವಾರಕ್ಕೊಮ್ಮೆ ಬೆಳಗಿನ ಐದೂವರೆಗೆ ಎದ್ದು ನೆಲಮಂಗಲದ ಕಡೆಗೆ ನಲವತ್ತು ನಿಮಿಷ ಓಡಿಸಿಕೊಂಡು ಬಾ. ನಿಂತಲ್ಲೇ ಹತ್ತು ನಿಮಿಷ ಎಂಜಿನ್ ತಿರುಗಿಸುವ ಅಭ್ಯಾಸ ಮಾತ್ರ ಬೇಡ: ಸ್ಟಾರ್ಟ್ ಮಾಡಲು ಕಳೆದದ್ದಕ್ಕಿಂತ ಹೆಚ್ಚೇನೂ ಬ್ಯಾಟರಿಗೆ ಸೇರುವುದಿಲ್ಲ, ಎಂಜಿನ್ ಪೂರ್ತಿ ಬಿಸಿಯಾಗದೆ ಆಯಿಲ್‌ನಲ್ಲಿಯೂ ಸೈಲೆನ್ಸರಿನಲ್ಲಿಯೂ ನೀರಿನ ಪಸೆ ಉಳಿಯುತ್ತದೆ. ಆಸೆಪಟ್ಟು, ನಿನ್ನ ದುಡಿಮೆಯಿಂದ ಕೊಂಡ ಕಾರು ಅದು. ಅದನ್ನು ಓಡಿಸಿ ಬಂದ ದಿನ ನಿನ್ನ ಮುಖ ಹೇಗಿರುತ್ತದೆಂದು ನಾನು ಬಲ್ಲೆ.

ಬರುವ ಶನಿವಾರ ಬೆಳಗಿನ ರೈಲಿಗೆ ನಾನೇ ಹೊರಟು ಬರುತ್ತೇನೆ, ಮಲ್ಟಿಮೀಟರ್ ಜೊತೆಗಿರುತ್ತದೆ. ಕ್ಯಾಮೆರಾ ಬಿಡಿಸಿದ ಮೇಲೆ ಕಾರಿಗೆ ಬೀಗ ಹಾಕಿ, ಅದರ ಕಂಪ್ಯೂಟರುಗಳು ಪೂರ್ತಿ ಮಲಗಲು ಒಂದು ಗಂಟೆ ಬಿಟ್ಟು, ಎಷ್ಟು ಕರೆಂಟು ಎಳೆಯುತ್ತದೆಂದು ಇಬ್ಬರೂ ಕೂತು ಅಳೆಯೋಣ. ಅಲ್ಲಿಯವರೆಗೆ ಡಿಕ್ಕಿ ತೆರೆದೇ ಇರಲಿ. ಯಾರೂ ಮುಚ್ಚದಂತೆ ಚಿಲಕದ ಮೇಲೆ ಒಂದು ದಪ್ಪ ಬಟ್ಟೆ ಮಡಚಿ ಇಡು, ವಾಚ್‌ಮನ್‌ಗೂ ಹೇಳಿರು.

ಅಕ್ಕ, ಭಾವನವರಿಗೆ ನನ್ನ ನಮಸ್ಕಾರ ತಿಳಿಸು.

ಇಂತಿ ನಿನ್ನ ಸೋದರಮಾವ